ಲಿಸ್ಟಿನಲ್ಲಿ ಕೆಂಪಿರಲಿಲ್ಲ

ಆಫೀಸಿಗೆಲ್ಲ ಅವಳು ಸ್ಕೇಲಕ್ಕ. ಶಾಲೆಯ ಮಕ್ಕಳು ಇಟ್ಟುಕೊಳ್ಳುವಂಥ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲೊಂದು ಸದಾ ಅವಳ ಕೀಬೋರ್ಡಿನ ಪಕ್ಕದಲ್ಲಿ ಇರುತ್ತಿತ್ತು. ಅದರ ಒಂದು ಮೂಲೆ ಮುರಿದಿತ್ತು. ಪೇಜು ಸಿದ್ಧವಾದ ಮೇಲೆ ಆ ಸ್ಕೇಲನ್ನು ಕಂಪ್ಯೂಟರಿನ ಪರದೆಗೇ ಒತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆಯುವಳು.

"ಅಕ್ಕಾ, ಅಳೆಯೋ ಸೌಕರ್ಯ ಕಂಪ್ಯೂಟರಲ್ಲೇ ಇದೆ," ಎಂದು ನಾವು ನಗಾಡಿದರೆ, "ಇರ್ಲಿ ಬಿಡ್ರೋ. ಅದು ಸುಳ್ಳು ಹೇಳ್ತಿಲ್ಲ ಅಂತ ನೋಡ್ಕೊಳ್ಳೋಕೆ ಒಂದು ಬೇಕಲ್ಲ," ಎನ್ನುವಳು.

ನಾನು ಅವಳ ಪಕ್ಕದ ಮೇಜಿನವನು. ವೆಬ್‌ಸೈಟುಗಳಿಗೆ ಬೇಕಾದ ಬರಹ ಬರೆದು ತುಂಬುವುದು ನನ್ನ ಕೆಲಸ. ಏಳು ಜನರ ಆಫೀಸು; ಎರಡನೇ ಮಹಡಿ; ಕಿಟಕಿಯಿಂದ ನೋಡಿದರೆ ಎದುರು ಕಟ್ಟಡದ ಏಣಿಮೆಟ್ಟಿಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆರು ವರ್ಷ ಹೀಗೆ ಅಕ್ಕಪಕ್ಕ ಕೂತಿದ್ದರಿಂದ ಅವಳ ಬದುಕಿನ ಬಹುಪಾಲು ನನಗೆ ಗೊತ್ತು. ಗೊತ್ತಿದ್ದೂ ನಾನು ಏನು ಮಾಡಿದೆ ಎನ್ನುವುದು ಆಮೇಲೆ ಬರುತ್ತದೆ.

ಅವಳ ತಾಯಿ ಬಟ್ಟೆ ಹೊಲಿಯುವವರು. ಹೆಂಗಸರು ಪತ್ರಿಕೆಯಿಂದ ಹರಿದ ಚಿತ್ರವೊಂದನ್ನು ತಂದು "ಇದೇ ಥರ ಬೇಕು" ಎಂದು ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರಂತೆ. ತಾಯಿ ಕತ್ತರಿ ಮುಟ್ಟುವ ಮೊದಲು ಆ ಚಿತ್ರವನ್ನು ಬಹಳ ಹೊತ್ತು ನೋಡುವರು. ಎಷ್ಟು ತುಂಡು ಬೇಕು, ಯಾವುದು ಯಾವುದಕ್ಕೆ ಸೇರಬೇಕು, ತೊಡುವವಳು ಇನ್ನೊಬ್ಬರ ಸಹಾಯವಿಲ್ಲದೆ ತಾನೇ ಹಾಕಿ ತೆಗೆಯಬೇಕಾದರೆ ಹುಕ್ಕು ಎಲ್ಲಿ ಬರಬೇಕು ಎಂದೆಲ್ಲ ಮನಸ್ಸಿನಲ್ಲೇ ಬಿಡಿಸಿ ಜೋಡಿಸುವರು. ಮಗಳು ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಾ ಅದನ್ನು ನೋಡಿ ಬೆಳೆದವಳು. ಮುಂದೆ ಒಂದು ಮುದ್ರಣಾಲಯದಲ್ಲಿ ಹನ್ನೊಂದು ವರ್ಷ ಪುಟ ಕಟ್ಟಿದಳು. ಮುದ್ರಣಾಲಯ ಬಾಗಿಲು ಹಾಕಿದ ಮೇಲೆ ಮೂವತ್ತಾರನೇ ವಯಸ್ಸಿನಲ್ಲಿ ತಾನೇ ಪುಸ್ತಕ ಓದಿ ಕೋಡ್ ಬರೆಯಲು ಕಲಿತು ನಮ್ಮಲ್ಲಿಗೆ ಬಂದಳು. ಗಂಡ ದೂರದೂರಿಗೆ ಲಾರಿ ಓಡಿಸುವವನು, ತಿಂಗಳಿಗೆ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಒಬ್ಬಳೇ ಮಗಳು, ಐದನೇ ತರಗತಿ. ತಾಯಿಯೂ ಜೊತೆಗೇ ಇದ್ದರು. ಮನೆಯ ಮುಂಗೋಣೆಯಲ್ಲಿ ಅವರ ಹೊಲಿಗೆ ಯಂತ್ರ.

ನಮ್ಮಲ್ಲಿ ಸೈಟು ಹುಟ್ಟುವುದು ಹೀಗೆ. ಮೊದಲು ನಮ್ಮ ಡಿಸೈನರ್ ಇಡೀ ಸೈಟು ಹೇಗೆ ಕಾಣಬೇಕೆಂದು ಚಿತ್ರ ಬರೆದು ಕೊಡುತ್ತಾನೆ. ಅದು ಬರೀ ಚಿತ್ರ. ಒತ್ತಿದರೆ ಏನೂ ಆಗುವುದಿಲ್ಲ. ಸ್ಕೇಲಕ್ಕ ಅದನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಹರಡಿ ಪೆನ್ಸಿಲಿನಲ್ಲಿ ಗುರುತು ಹಾಕುವಳು. ಈ ತುಂಡು ಐದು ಕಡೆ ಬರುತ್ತದೆ, ಒಂದೇ ಸಲ ಮಾಡಿದರೆ ಸಾಕು. ಇದು ಎಂದಿಗೂ ಬದಲಾಗುವುದಿಲ್ಲ, ಮೊಳೆ ಹೊಡೆದುಬಿಡಬಹುದು. ಇದು ದಿನಾ ಬದಲಾಗುತ್ತದೆ, ಇದಕ್ಕೆ ಹಿಂದುಗಡೆ ಒಂದು ಖಾನೆ ಬೇಕು. ಆಮೇಲೆ ಕೋಡಿನಲ್ಲಿ ಅಸ್ಥಿಪಂಜರ, ಅದರ ಮೇಲೆ ಬಣ್ಣ ಅಕ್ಷರ, ಕಡೆಗೆ ಎಲ್ಲವನ್ನೂ ಟೆಂಪ್ಲೇಟು ಎಂಬ ಅಚ್ಚುಗಳಾಗಿ ಕತ್ತರಿಸಿ ಹಿಂಬದಿಯ ವ್ಯವಸ್ಥೆಗೆ ಕೂರಿಸುವುದು. ಆ ಹಿಂಬದಿಯನ್ನು ನಾವು ಅಡ್ಮಿನ್ ಎನ್ನುತ್ತೇವೆ. ಕೋಡಿನ ಗಂಧಗಾಳಿ ಇಲ್ಲದವರೂ ಅಲ್ಲಿ ಲಾಗಿನ್ ಆಗಿ ತಮ್ಮ ಸೈಟನ್ನು ತಾವೇ ತಿದ್ದಿಕೊಳ್ಳಬಹುದು. ಯಾರು ಯಾವ ಖಾನೆ ಮುಟ್ಟಬಹುದು, ಯಾವ ಲಿಸ್ಟಿನಿಂದ ಏನನ್ನು ಆರಿಸಬಹುದು ಎಂಬುದನ್ನೆಲ್ಲ ಕಟ್ಟಿ ಕೊಡುವವಳು ಅವಳೇ.

"ಚಿತ್ರದಲ್ಲಿ ಇರೋದು ಪೇಜಲ್ಲಿ ಇರ್ಬೇಕು. ಇಲ್ಲದ್ದು ಇರಬಾರ್ದು," ಎನ್ನುವಳು. ಅವಳಿಗೆ ಇದ್ದ ಒಂದೇ ಜಂಬ ಅದು.

ನೀರು ಸರಬರಾಜು ಮಂಡಳಿಯ ಸೈಟು ನಮಗೆ ಬಂದಾಗ ಯಜಮಾನರು ಹೊಸ ಕುರ್ಚಿಗಳನ್ನು ತರಿಸಿದರು. ಅಷ್ಟು ದೊಡ್ಡವರು ನಮ್ಮ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮಂಡಳಿಯ ಪರವಾಗಿ ಇಬ್ಬರು ಬಂದರು. ಒಬ್ಬರು ಸಂಪರ್ಕಾಧಿಕಾರಿ: ಎತ್ತರದ ಆಳು, ಮೆತ್ತನೆಯ ಮಾತು. ಒಮ್ಮೆಯೂ ದನಿ ಎತ್ತರಿಸಿದವರಲ್ಲ. ಕುಡಿಯುವ ನೀರನ್ನು ಮನೆಯಿಂದಲೇ ಬಾಟಲಿಯಲ್ಲಿ ತಂದಿದ್ದರು. ಇನ್ನೊಬ್ಬರು ನೀರು ಪರೀಕ್ಷೆಯ ಪ್ರಯೋಗಾಲಯದ ಹಿರಿಯ ಹೆಂಗಸು, ನಿವೃತ್ತಿಗೆ ಹತ್ತಿರವಾಗಿದ್ದವರು, ದಪ್ಪ ಕನ್ನಡಕ. ನಾವು ಅವರನ್ನು ಲ್ಯಾಬಮ್ಮ ಎನ್ನುತ್ತಿದ್ದೆವು.

ಸೈಟಿನ ತಲೆಯ ಮೇಲೆ ಒಂದು ಅಗಲವಾದ ಬಣ್ಣದ ಪಟ್ಟಿ ಇತ್ತು. ಹಸಿರಿದ್ದರೆ 'ಇಂದಿನ ನೀರು ಕುಡಿಯಲು ಯೋಗ್ಯ'. ಹಳದಿಯಿದ್ದರೆ 'ಕುದಿಸಿ ಕುಡಿಯಿರಿ'. ಕೆಂಪಾದರೆ 'ಕುಡಿಯಬೇಡಿ'. ಮೂರೂ ಸಾಲು ಬರೆದವನು ನಾನು. ಪಟ್ಟಿಯ ಕೆಳಗೆ ಹಿಂದಿನ ಮೂವತ್ತು ದಿನಗಳ ಪರೀಕ್ಷೆಯ ಅಂಕಿಗಳು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕೊನೆಯ ಸಲ ತಿದ್ದಿದ ದಿನ ಮತ್ತು ಗಂಟೆ. ಪ್ರತಿದಿನ ಬೆಳಿಗ್ಗೆ ಬಣ್ಣ ಆರಿಸುವ ಕೆಲಸ ಲ್ಯಾಬಮ್ಮನದು. ಸಂಪರ್ಕಾಧಿಕಾರಿಗೂ ಒಂದು ಲಾಗಿನ್ ಇತ್ತು.

ಸ್ಕೇಲಕ್ಕ ಒಂದು ಮಧ್ಯಾಹ್ನವಿಡೀ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಳು. ಅವರು ಪ್ರತಿ ಹೆಜ್ಜೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

"ತಪ್ಪು ಒತ್ತಿಬಿಟ್ರೆ?"

"ಒತ್ತಿದ್ರೂ ಹಳೇದು ಎಲ್ಲೂ ಹೋಗಲ್ಲಮ್ಮ. ಯಾರು, ಎಷ್ಟು ಗಂಟೆಗೆ, ಏನು ಬದಲಾಯಿಸಿದ್ರು ಅಂತ ಅದು ಒಳಗೊಳಗೇ ಬರ್ಕೊಂಡಿರುತ್ತೆ."

"ನಮ್ಮ ಅತ್ತೆ ಥರ ಅನ್ನು," ಎಂದರು ಲ್ಯಾಬಮ್ಮ. ಇಬ್ಬರೂ ನಕ್ಕರು.

ಎಂಟು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಸ್ಕೇಲಕ್ಕನ ತಾಯಿಗೆ ಅದೊಂದು ಚಟವೇ ಆಯಿತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಫೋನು ತೆರೆದು ಮಗಳು ಮಾಡಿದ ಪೇಜು ನೋಡುವರು. ಎದುರುಮನೆಯಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು, ಒಂಟಿ ಜೀವ, ಬೀದಿಗೆಲ್ಲ ತಾತ. ಅವರು ತಮ್ಮ ಬಾಲ್ಕನಿಯಿಂದ ಕೂಗುವರು:

"ಏನಮ್ಮಾ, ನಿಮ್ಮ ಹುಡುಗಿ ಇವತ್ತು ಯಾವ ಸಿಗ್ನಲ್ ಕೊಟ್ಟಿದಾಳೆ?"

"ಹಸಿರು ತಾತಾ!" ಎನ್ನುವರು ತಾಯಿ.

"ಹಾಗಾದ್ರೆ ರೈಟ್ ರೈಟ್!" ಎಂದು ಅವರು ನಲ್ಲಿ ತಿರುಗಿಸಿ ಲೋಟ ತುಂಬಿಕೊಳ್ಳುವರು.

ಚಳಿಗಾಲ ಮುಗಿಯುವ ಹೊತ್ತಿಗೆ ಮಂಡಳಿಯಿಂದ ತಿದ್ದುಪಡಿಗಳು ಬರತೊಡಗಿದವು. ಮೊದಲನೆಯ ಚಿತ್ರದಲ್ಲಿ ಪಟ್ಟಿಗೆ ಎರಡೇ ಬಣ್ಣ. ಸ್ಕೇಲಕ್ಕ ಡಿಸೈನರನ ಮೇಜಿಗೆ ಹೋಗಿ, "ಕೆಂಪು ಬಿಟ್ಟೋಗಿದೆ ನೋಡು," ಎಂದಳು.

"ಬಿಟ್ಟೋಗಿಲ್ಲ ಅಕ್ಕ, ತೆಗೆಸಿದ್ದು. ಮಂಡಳಿ ಸಾಹೇಬ್ರು ಫೋನ್ ಮಾಡಿ ಹೇಳಿದ್ರು. ಕೆಂಪು ಕಂಡ್ರೆ ಜನ ಗಾಬರಿ ಆಗ್ತಾರಂತೆ. ಎಂಟು ತಿಂಗಳಲ್ಲಿ ಒಂದು ಸಲಾನೂ ಬಳಸಿಲ್ಲವಲ್ಲ ಅಂದ್ರು."

ಅದೂ ನಿಜವೇ. ಹತ್ತು ನಿಮಿಷದ ಕೆಲಸ. ಲಿಸ್ಟಿನಿಂದ ಮೂರನೆಯ ಹೆಸರನ್ನು ಅಳಿಸಿದಳು. ಕೋಡ್ ಉಳಿಸುವಾಗ ಏನು ಬದಲಾಯಿತು ಎಂದು ಒಂದು ಸಾಲು ಬರೆಯಬೇಕು. 'ಹೊಸ ಡಿಸೈನಿನ ಪ್ರಕಾರ ಕೆಂಪು ತೆಗೆದಿದೆ' ಎಂದು ಬರೆದಳು.

ಮೂರು ವಾರದ ನಂತರ ಇನ್ನೊಂದು ಚಿತ್ರ. ಮೂವತ್ತು ದಿನಗಳ ಅಂಕಿಗಳು ಅದರಲ್ಲಿ ಇರಲಿಲ್ಲ. ಆ ಜಾಗದಲ್ಲಿ ಒಂದು ಮಗು ಎರಡೂ ಕೈಯಲ್ಲಿ ಗಾಜಿನ ಲೋಟ ಹಿಡಿದು ನೀರು ಕುಡಿಯುತ್ತಿರುವ ಫೋಟೋ. ಅಂಕಿ ಸಂಖ್ಯೆ ಯಾರಿಗೂ ಅರ್ಥವಾಗುವುದಿಲ್ಲ, ಮುಖ ಇದ್ದರೆ ಪೇಜಿಗೆ ಕಳೆ ಬರುತ್ತದೆ ಎಂದು ಕಾರಣ ಕೊಟ್ಟಿದ್ದರು. ಸ್ಕೇಲಕ್ಕ ಅದನ್ನೂ ಮಾಡಿದಳು. ಮಗುವಿನ ಫೋಟೋ ಅಳತೆಗೆ ಸರಿಯಾಗಿ ಕೂತಿತು.

ಮೂರನೆಯದು ಬಂದಾಗ ಅವಳ ಕೈ ನಿಂತಿತು. ಕೊನೆಯ ಸಲ ತಿದ್ದಿದ ದಿನ ಮತ್ತು ಗಂಟೆ ಹೋಗಬೇಕು. ಅದರ ಬದಲು ಪ್ರತಿದಿನ ತಾನಾಗಿಯೇ ಅಂದಿನ ತಾರೀಕು ಬೀಳಬೇಕು. ಅವಳು ಪ್ರಿಂಟ್ ಹಿಡಿದುಕೊಂಡು ನನ್ನ ಕಡೆ ಕುರ್ಚಿ ತಿರುಗಿಸಿದಳು.

"ಇದು ನೋಡೋ. ಯಾರೂ ಒಳಗೆ ಬೆರಳು ಮುಟ್ಟಿಸದೆ ಇದ್ರೂ ದಿನಾ 'ಇಂದಿನ ನೀರು' ಅಂತ ಹೊಸದಾಗಿ ತೋರಿಸ್ತಾ ಇರುತ್ತೆ. ಸರೀನಾ ಇದು?"

ನಾನು ಬಿಸ್ಕತ್ತು ತಿನ್ನುತ್ತಿದ್ದೆ. "ಅವರ ಸೈಟು, ಅವರಿಷ್ಟ. ನಮಗ್ಯಾಕೆ ಅಕ್ಕ?" ಎಂದೆ.

ಅವಳು ಸುಮ್ಮನಾಗಲಿಲ್ಲ. ಸಂಪರ್ಕಾಧಿಕಾರಿಗೇ ಫೋನು ಹಚ್ಚಿದಳು. ಟೈಪು ಮಾಡುತ್ತಾ ಮಾತಾಡುವುದು ಅವಳ ರೂಢಿ, ಹಾಗಾಗಿ ಸ್ಪೀಕರ್ ಹಾಕಿದ್ದಳು. ಅವಳು ತನ್ನ ಅನುಮಾನ ಹೇಳಿಕೊಂಡಳು. ಅವರು ಪೂರ್ತಿ ಕೇಳಿಸಿಕೊಂಡರು. ನಡುವೆ ಬಾಯಿ ಹಾಕಲಿಲ್ಲ.

"ನೀವು ಬಹಳ ಅಚ್ಚುಕಟ್ಟು ಅಂತ ಕೇಳಿದೀನಿ," ಎಂದರು ಕೊನೆಗೆ. "ಚಿತ್ರದಲ್ಲಿ ಹೇಗಿದೆಯೋ ಹಾಗೇ ಮಾಡಿಕೊಡ್ತೀರಂತೆ. ಹಾಗೇ ಮಾಡಿ."

"ಆಯ್ತು ಸರ್, ಆದ್ರೆ..."

"ನಿಮ್ಮ ಮನೆ ನಮ್ಮ ದೊಡ್ಡ ಟ್ಯಾಂಕಿನ ಹಿಂದಿನ ರಸ್ತೆಯಲ್ಲಲ್ವಾ? ಹೊಲಿಗೆ ಬೋರ್ಡು ಇರೋ ಮನೆ. ಮಗಳು ಅಲ್ಲೇ ಹತ್ತಿರದ ಶಾಲೆಗೆ ಹೋಗ್ತಾಳೆ. ಒಳ್ಳೇ ಜಾಗ."

ಫೋನಿಟ್ಟ ಮೇಲೆ ಅವಳು ನನ್ನನ್ನು ನೋಡಿದಳು. "ನಾನು ಅವರಿಗೆ ಮನೆ ಎಲ್ಲಿ ಅಂತ ಯಾವತ್ತೂ ಹೇಳಿಲ್ಲ ಕಣೋ."

"ಯಜಮಾನ್ರು ಹೇಳಿರ್ತಾರೆ ಬಿಡು," ಎಂದೆ. ಆ ಸಂಜೆಯೊಳಗೆ ಪೇಜು ಚಿತ್ರದಂತೆ ಆಗಿತ್ತು.

ಆಮೇಲಿನ ದಿನಗಳಲ್ಲಿ ನಡೆದದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಈಗ ಮೈ ಜುಮ್ಮೆನ್ನುತ್ತದೆ. ಆಗ ಅವು ಬಿಡಿಬಿಡಿಯಾಗಿ ಬಂದವು, ಒಂದೊಂದಕ್ಕೂ ಒಂದೊಂದು ನೆಪ ಇತ್ತು. ತಾಯಿ ಕತ್ತರಿಸುವ ಮೊದಲು ನೆನೆಹಾಕಿದ ಬಿಳಿ ಲೈನಿಂಗ್ ಬಟ್ಟೆ ಒಣಗಿದಾಗ ಅಂಚಿನಲ್ಲಿ ಚಹಾ ಚೆಲ್ಲಿದಂಥ ಕಲೆ. ಬಟ್ಟೆಯೇ ಕಳಪೆ ಎಂದು ಅಂಗಡಿಯವನನ್ನು ಬೈದರು. ಬೆಳಗಿನ ಮೊದಲ ನೀರಿಗೆ ತುಕ್ಕಿನ ವಾಸನೆ. ಪೈಪು ಹಳೆಯದು ಎಂದುಕೊಂಡರು. ಮೂಲೆಯ ಔಷಧಿ ಅಂಗಡಿಯಲ್ಲಿ ಭೇದಿಗೆ ಕುಡಿಸುವ ಉಪ್ಪು ಸಕ್ಕರೆಯ ಪೊಟ್ಟಣಗಳ ಕಪಾಟು ಖಾಲಿ. "ಬೇಸಿಗೆ ಅಲ್ವಾ, ಜನ ಒಂದಕ್ಕೆ ನಾಲ್ಕು ಒಯ್ತಾರೆ," ಎಂದ ಅಂಗಡಿಯವನು. ಮಗಳ ತರಗತಿಯಲ್ಲಿ ಒಂದೇ ದಿನ ಹನ್ನೊಂದು ಮಕ್ಕಳು ಗೈರುಹಾಜರು.

ಪ್ರತಿ ಸಲವೂ ಸ್ಕೇಲಕ್ಕ ಫೋನು ತೆಗೆದು ನೋಡುವಳು. ಹಸಿರು. ಲೋಟ ಹಿಡಿದ ಮಗು. ಅಂದಿನ ತಾರೀಕು.

ಆದರೂ ಮಗಳ ಬಾಟಲಿಗೆ ಮಾತ್ರ ನೀರು ಕುದಿಸಿ ತುಂಬತೊಡಗಿದಳು. ತಾಯಿಗೂ ಕುದಿಸಿದ್ದನ್ನೇ ಕೊಡಲು ಹೋದರೆ ಅವರು ಮೂಗು ಮುರಿದರು. "ಸಪ್ಪೆ ನೀರು. ಗಂಟಲಲ್ಲಿ ಇಳಿಯಲ್ಲ. ಹಸಿರು ಇದೆಯಲ್ಲೇ, ನೀನು ಮಾಡಿದ್ದನ್ನ ನೀನೇ ನಂಬಲ್ವಾ?"

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆ ಸುಮಾರಿಗೆ ಅವಳ ಮೇಜಿನ ಫೋನು ಹೊಡೆದುಕೊಂಡಿತು. ಅವಳು ಸ್ಪೀಕರ್ ಒತ್ತಿದಳು.

"ಮಗಾ, ನಾನು ಲ್ಯಾಬಿಂದ. ಆ ಲಿಸ್ಟಲ್ಲಿ ಮೂರನೇದು ಎಲ್ಲಿ ಹೋಯ್ತು?"

"ಯಾವುದಮ್ಮ ಮೂರನೇದು?"

"ಕೆಂಪು. ಈಗ ನಂಗೆ ಕೆಂಪು ಬೇಕು. ಇಲ್ಲಿ ಎರಡೇ ತೋರಿಸ್ತಿದೆ. ನೋಟ್‌ಬುಕ್ಕಲ್ಲಿ ಮೂರು ಅಂತ ಬರ್ಕೊಂಡಿದೀನಿ."

ಅಕ್ಕ ಕೀಬೋರ್ಡಿನಿಂದ ಕೈ ತೆಗೆದಳು. "ಅದನ್ನ ತೆಗೆಸಿದ್ರಮ್ಮ. ನಿಮ್ಮ ಸಾಹೇಬ್ರೇ. ಎರಡು ತಿಂಗಳಾಯ್ತು."

"ನಂಗ್ಯಾರೂ ಹೇಳಲಿಲ್ಲ." ಆ ಕಡೆ ಹಾಳೆ ತಿರುವಿದ ಸದ್ದು. "ಒಂಬತ್ತು ದಿನದಿಂದ ಹಳದಿ ಹಾಕ್ತಿದೀನಿ. ಇವತ್ತು ಅದೂ ಸಾಲದು. ಹಳದಿ ಆದ್ರೂ ಕಾಣ್ತಿದೆ ತಾನೆ ಜನಕ್ಕೆ?"

ಅಕ್ಕ ಸೈಟು ತೆರೆದಳು. ನನಗೂ ಕಂಡಿತು. ಪರದೆಯ ತಲೆಯ ಮೇಲೆ ಅಗಲಕ್ಕೂ ಹಸಿರು.

ಅವಳು ಅಡ್ಮಿನ್ನಿಗೆ ಹೋಗಿ, ಬದಲಾವಣೆಗಳ ದಾಖಲೆ ತೆರೆದಳು. ಎಂಟು ಹತ್ತಕ್ಕೆ ಲ್ಯಾಬಿನ ಲಾಗಿನ್‌ನಿಂದ ಹಳದಿ. ಎಂಟು ಇಪ್ಪತ್ತೆರಡಕ್ಕೆ ಸಂಪರ್ಕಾಧಿಕಾರಿಯ ಲಾಗಿನ್‌ನಿಂದ ಹಸಿರು. ಹಿಂದಿನ ದಿನವೂ ಹಾಗೆಯೇ. ಅದರ ಹಿಂದಿನ ದಿನವೂ. ಅವಳು ಕೆಳಕೆಳಗೆ ಹೋಗುತ್ತಲೇ ಇದ್ದಳು.

"ಅಮ್ಮಾ, ನೀವು ಹಳದಿ ಹಾಕಿ ಕಾಲು ಗಂಟೆ ಆಗೋದ್ರೊಳಗೆ ಅದನ್ನ ಹಸಿರು ಮಾಡ್ತಿದಾರೆ. ಒಂಬತ್ತು ದಿನಾನೂ."

ಆ ಕಡೆ ಏನೋ ಗಾಜಿನ ವಸ್ತುವನ್ನು ಮೇಜಿನ ಮೇಲಿಟ್ಟ ಸದ್ದು.

"ನಾನು ಹೊರಗಡೆಯಿಂದ ಯಾವತ್ತೂ ನೋಡ್ಲಿಲ್ಲ ಮಗಾ," ಎಂದರು ಲ್ಯಾಬಮ್ಮ. "ಒಳಗೆ ಬದಲಾಯಿಸಿ ಲ್ಯಾಬಿಗೆ ಹೋಗ್ಬಿಡ್ತಿದ್ದೆ. ಮಾರನೇ ದಿನ ಹಸಿರು ಇದ್ರೆ, ಹೊಸ ದಿನಕ್ಕೆ ತಾನೇ ಹಾಗಾಗುತ್ತೆ ಅಂದ್ಕೊಂಡೆ."

"ನೀರಲ್ಲಿ ಏನಿದೆ?"

"ಚರಂಡಿ ಸೇರಿದೆ. ಎಲ್ಲೋ ಪೈಪು ಒಡೆದಿದೆ. ದೊಡ್ಡ ಟ್ಯಾಂಕಿನ ಹಿಂದಿನ ಸಾಲಿಗೆಲ್ಲ ಅದೇ ಹೋಗ್ತಿದೆ."

ಅಕ್ಕ ಮೇಜಿನ ಫೋನನ್ನು ಹಾಗೇ ಬಿಟ್ಟು ಮೊಬೈಲಿನಿಂದ ಮನೆಗೆ ಫೋನು ಮಾಡಿದಳು. ಎರಡು ಸಲ ಪೂರ್ತಿ ಬಡಿದುಕೊಂಡು ನಿಂತಿತು. ಮೂರನೆಯ ಸಲ ತಾಯಿ ಎತ್ತಿದರು.

"ಬೆಳಿಗ್ಗೆಯಿಂದ ಐದು ಸಲ ಹೋಗಿ ಬಂದೆ ಕಣೇ. ಕಾಲಲ್ಲಿ ಶಕ್ತಿ ಇಲ್ಲ. ಎದುರುಮನೆ ತಾತಂಗೂ ನಿನ್ನೆಯಿಂದ ಹಾಗೇ ಅಂತೆ."

"ಅಮ್ಮಾ, ನಲ್ಲಿ ನೀರು ಮುಟ್ಬೇಡ. ತಾತಂಗೂ ಹೇಳು. ಈಗ್ಲೇ ಬರ್ತೀನಿ. ಒಂದು ಕೆಲಸ ಇದೆ, ಮುಗಿಸಿ ಬಂದೆ."

ಯಜಮಾನರು ಅಷ್ಟು ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಅವಳು ನಾಲ್ಕೇ ಮಾತಲ್ಲಿ ವಿಷಯ ಹೇಳಿದಳು. ಅವರು ಕೆಟ್ಟವರಲ್ಲ. ಆದರೆ ಬೆವರುತ್ತಿದ್ದರು.

"ಅವರನ್ನ ಕೇಳದೆ ಒಂದು ಅಕ್ಷರ ಮುಟ್ಬೇಡ."

"ಕೇಳಿದ್ರೆ ಬೇಡ ಅಂತಾರೆ ಸರ್."

"ಅದಕ್ಕೇ ಮುಟ್ಬೇಡ ಅಂದಿದ್ದು." ಅವರು ಫೋನು ಹಿಡಿದು ಮೆಟ್ಟಿಲ ಕಡೆ ಹೋದರು.

ಅವಳು ಕೂತಳು. ಅವಸರ ಮಾಡಲಿಲ್ಲ. ಹಳೆಯ ಕೋಡನ್ನು ಹುಡುಕಿ ತೆಗೆದಳು, ಮೂರನೆಯ ಹೆಸರನ್ನು ಲಿಸ್ಟಿಗೆ ಸೇರಿಸಿದಳು, ಮೊದಲ ಡಿಸೈನಿನಲ್ಲಿದ್ದ ಕೆಂಪೇ ಹೌದೋ ಎಂದು ಬಣ್ಣದ ಸಂಖ್ಯೆಯನ್ನು ತಾಳೆ ನೋಡಿದಳು. ಆಮೇಲೆ ಇನ್ನೊಂದು ಕೆಲಸ ಮಾಡಿದಳು. ಯಾರು ಯಾವ ಖಾನೆ ಮುಟ್ಟಬಹುದು ಎಂಬ ಪುಟ ತೆರೆದು, ಆ ಬಣ್ಣದ ಪಟ್ಟಿಯ ಎದುರಿಗಿದ್ದ ಸಂಪರ್ಕಾಧಿಕಾರಿಯ ಹಕ್ಕನ್ನು ಕಿತ್ತುಹಾಕಿದಳು. ಇಷ್ಟಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ನಾನು ಪಕ್ಕದಲ್ಲೇ ಕೂತಿದ್ದೆ. ಮಾಡು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

"ಈಗ ನೋಡಿ ಅಮ್ಮ," ಎಂದಳು ಮೇಜಿನ ಫೋನಿನಲ್ಲಿ.

"ಹ್ಞೂಂ. ಬಂತು. ಮೂರಿದೆ." ಒಂದು ಕ್ಲಿಕ್ ಕೇಳಿಸಿತು.

ಹನ್ನೊಂದು ಐವತ್ತೆರಡಕ್ಕೆ ಪೇಜಿನ ತಲೆ ಕೆಂಪಾಯಿತು. ಅದರ ಕೆಳಗೆ ಆ ಮಗು ಹಾಗೆಯೇ ನೀರು ಕುಡಿಯುತ್ತಿತ್ತು. ಅಕ್ಕ ದಾಖಲೆಯ ಪುಟಗಳನ್ನೆಲ್ಲ ಪ್ರಿಂಟ್‌ಗೆ ಕೊಟ್ಟು, ಬಿಸಿ ಕಾಗದಗಳನ್ನು ಬ್ಯಾಗಿಗೆ ತುರುಕಿಕೊಂಡು ಓಡಿದಳು.

ಹನ್ನೆರಡೂವರೆಗೆ ಮಂಡಳಿಯವರು ಇಡೀ ಸೈಟನ್ನೇ ಮುಚ್ಚಿಸಿದರು. ತೆರೆದವರಿಗೆಲ್ಲ ನಗುಮುಖದ ಒಂದು ನೀರಹನಿಯ ಚಿತ್ರ, ಕೆಳಗೆ 'ಇನ್ನಷ್ಟು ಚಂದವಾಗಿ ಮತ್ತೆ ಬರಲಿದ್ದೇವೆ' ಎಂಬ ಸಾಲು. ರಿಪೇರಿಯ ಸಮಯಕ್ಕೆ ಇರಲಿ ಎಂದು ಆ ಪುಟವನ್ನೂ ನಾವೇ ಮಾಡಿಕೊಟ್ಟಿದ್ದೆವು. ಸಾಲು ನನ್ನದೇ.

ಕೆಂಪು ಇದ್ದದ್ದು ಮೂವತ್ತೆಂಟು ನಿಮಿಷ. ಅಷ್ಟರಲ್ಲಿ ಕೆಲವರು ಅದರ ಫೋಟೋ ಹಿಡಿದಿದ್ದರು. ಶಾಲೆಯ ಮುಖ್ಯೋಪಾಧ್ಯಾಯಿನಿ ನಲ್ಲಿಗಳಿಗೆ ಬಟ್ಟೆ ಕಟ್ಟಿಸಿದರಂತೆ. ಸಂಜೆಯೊಳಗೆ ಆ ಫೋಟೋ ಫೋನಿಂದ ಫೋನಿಗೆ ಹೋಗಿ ಟ್ಯಾಂಕಿನ ಹಿಂದಿನ ರಸ್ತೆಗಳಿಗೆಲ್ಲ ಮುಟ್ಟಿತ್ತು. ಎಷ್ಟು ಜನ ಅದರಿಂದ ಉಳಿದರು ಎಂದು ಲೆಕ್ಕ ಹಾಕುವ ದಾರಿ ಯಾರಿಗೂ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ಒಂದು ಹಾಸಿಗೆಗೆ ಇಬ್ಬರನ್ನು ಮಲಗಿಸಿದ್ದರು. ತಾಯಿಗೆ ಕಾರಿಡಾರಿನ ಬೆಂಚು ಸಿಕ್ಕಿತು. ಡ್ರಿಪ್ ಬಾಟಲಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ಕಂಡಕ್ಟರ್ ತಾತ ಗುರುವಾರ ಮಧ್ಯಾಹ್ನ ತೀರಿಕೊಂಡರು. ಸಾಗಿಸಲು ಅವರ ಕಡೆಯವರು ಯಾರೂ ಇರಲಿಲ್ಲ. ಬೀದಿಯವರೇ ಹೆಗಲು ಕೊಟ್ಟರು. ತಾಯಿ ಹತ್ತೊಂಬತ್ತು ದಿನ ಹಾಸಿಗೆ ಹಿಡಿದು ಎದ್ದರು. ಎದ್ದವರು ಅರ್ಧವಾಗಿದ್ದರು. ಅಕ್ಕ ಎಷ್ಟೇ ಮುಚ್ಚಿಟ್ಟರೂ ತಾತನ ಸುದ್ದಿ ಅವರ ಕಿವಿಗೆ ಬಿತ್ತು.

"ನಾನೇ ಹೇಳಿದ್ದಲ್ವೇನೇ ಅವರಿಗೆ," ಎಂದರಂತೆ. "ದಿನಾ. ಹಸಿರು ಅಂತ."



ಸಮಿತಿಯೊಂದರ ಮುಂದೆ ವಿಚಾರಣೆ ಎರಡು ತಿಂಗಳ ಮೇಲೆ ನಡೆಯಿತು. ಕಿಟಕಿ ಮುಚ್ಚಿದ ಉದ್ದನೆಯ ಕೋಣೆ, ಉದ್ದನೆಯ ಮೇಜು, ಪ್ರತಿಯೊಬ್ಬ ಸದಸ್ಯರ ಮುಂದೆಯೂ ಮುಚ್ಚಳ ಒಡೆಯದ ನೀರಿನ ಬಾಟಲಿ. ನಮ್ಮ ಆಫೀಸಿನವರೆಲ್ಲ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಮೊದಲ ಪ್ರಶ್ನೆಯೇ ಅವಳಿಗೆ.

"ಕೆಂಪನ್ನ ತೆಗೆದದ್ದು ಯಾರು?"

ಅವರ ಕೈಯಲ್ಲಿದ್ದ ಹಾಳೆಯಲ್ಲಿ ಅವಳ ಲಾಗಿನ್ ಇತ್ತು, ಅವಳೇ ಬರೆದ ಆ ಸಾಲೂ ಇತ್ತು.

"ನಾನೇ ಸರ್."

ಸಂಪರ್ಕಾಧಿಕಾರಿ ಅದೇ ಮೆತ್ತನೆಯ ದನಿಯಲ್ಲಿ, ತಮ್ಮ ಕಡೆಯಿಂದ ಅಂಥ ಸೂಚನೆ ಲಿಖಿತವಾಗಿ ಹೋಗಿಲ್ಲ ಎಂದರು. ಅದು ನಿಜ. ಎಲ್ಲವೂ ಫೋನಿನಲ್ಲೇ ಆಗಿತ್ತು. ಡಿಸೈನರ್, ತನ್ನ ಹಳೆಯ ಫೈಲುಗಳ ಮೇಲೆ ಹೊಸವು ಕೂತುಬಿಟ್ಟಿವೆ, ಏನೂ ಉಳಿದಿಲ್ಲ ಎಂದ. ಹೇಳುವಾಗ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಯಜಮಾನರು ತಮಗೆ ತಾಂತ್ರಿಕ ವಿಷಯ ತಿಳಿಯದು ಎಂದರು. ಎಲ್ಲರೂ ಸೇರಿ ಗೂಬೆಯನ್ನು ಅವಳ ತಲೆಯ ಮೇಲೆ ಕೂರಿಸುತ್ತಿದ್ದೆವು.

ಆಮೇಲೆ ನನ್ನ ಸರದಿ. "ಪಕ್ಕದ ಮೇಜಿನವರು ನೀವಲ್ವಾ? ಇವರು ಸಂಪರ್ಕಾಧಿಕಾರಿಗಳ ಜೊತೆ ಆಡಿದ ಫೋನ್ ಮಾತುಕತೆ ಕೇಳಿಸಿಕೊಂಡಿರಾ?"

ಮನೆಯಲ್ಲಿ ಹೆಂಡತಿ ಬಸುರಿ. ಕೆಲಸ ಹೋದರೆ ಎಲ್ಲಿಗೆ ಹೋಗಲಿ ಎಂದೆಲ್ಲ ಆ ಅರೆಕ್ಷಣದಲ್ಲಿ ತಲೆಯೊಳಗೆ ಓಡಿತು. "ನಾನು ಬರಹ ಮಾತ್ರ ನೋಡ್ಕೊಳ್ಳೋದು ಸರ್," ಎಂದೆ. "ಫೋನಿನ ಕಡೆ ಗಮನ ಇರಲಿಲ್ಲ."

ಅಕ್ಕ ತಿರುಗಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಮತ್ತೆ ಮುಂದಕ್ಕೆ ತಿರುಗಿ ಹೇಳಿದಳು: "ತೆಗೆದದ್ದೂ ನಾನೇ, ವಾಪಸ್ ಹಾಕಿದ್ದೂ ನಾನೇ. ನಡುವೆ ಒಂಬತ್ತು ದಿನ ಹಸಿರು ಒತ್ತಿದ್ದು ಯಾರು ಅಂತ ಮುಂದಿನ ಹಾಳೆಗಳಲ್ಲಿದೆ. ತಿರುವಿ ನೋಡಿ."

ಅಧ್ಯಕ್ಷರು ತಿರುವಿದರು. ಅವರ ಫೈಲಿನಲ್ಲಿ ಮುಂದಿನ ಹಾಳೆಗಳು ಇರಲಿಲ್ಲ.

ಅವಳು ತನ್ನ ಬ್ಯಾಗಿನಿಂದ ಪ್ರಿಂಟುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅವರು ಮುಟ್ಟಲಿಲ್ಲ. "ಇದು ಅಧಿಕೃತ ಪ್ರತಿ ಅಲ್ಲವಲ್ಲ," ಎಂದರು. ಲ್ಯಾಬಮ್ಮ ಮಾತ್ರ ಎದ್ದು ನಿಂತು, ಕೇಳದೆಯೇ, ತಾನು ದಿನಾ ಹಳದಿ ಹಾಕುತ್ತಿದ್ದೆ ಎಂದು ಗಟ್ಟಿಯಾಗಿ ಹೇಳಿದರು. ಅವರನ್ನು ಕೂರಿಸಿದರು. ವಿಚಾರಣೆ ಮುಂದಕ್ಕೆ ಹೋಯಿತು.

ಅಲ್ಲಿಂದ ಈಚೆಗೆ ಮೂರು ಸಲ ಮುಂದಕ್ಕೆ ಹೋಗಿದೆ. ಲ್ಯಾಬಮ್ಮನನ್ನು ರಜೆಯ ಮೇಲೆ ಕಳಿಸಿ ಹಾಗೆಯೇ ನಿವೃತ್ತಿ ಮಾಡಿಸಿದರು. ಸಂಪರ್ಕಾಧಿಕಾರಿಗೆ ಬೇರೆ ಇಲಾಖೆಗೆ ವರ್ಗವಾಯಿತು, ಇದಕ್ಕಿಂತ ಮೇಲಿನ ಕುರ್ಚಿ. ಒಡೆದ ಪೈಪನ್ನು ಬದಲಾಯಿಸಿದ್ದಾರೆ ಎನ್ನುತ್ತಾರೆ. ಟ್ಯಾಂಕಿನ ಹಿಂದಿನ ರಸ್ತೆಯಲ್ಲಿ ಅಗೆದ ಗುರುತನ್ನು ನಾನಂತೂ ಕಾಣಲಿಲ್ಲ. ಸ್ಕೇಲಕ್ಕನನ್ನು ಯಜಮಾನರು ಕೆಲಸದಿಂದ ಬಿಡಿಸಿದರು. ಅವಳ ಮೇಜಿನಲ್ಲಿ ಈಗ ಬೇರೊಬ್ಬರಿದ್ದಾರೆ. ನಾನು ಅದೇ ಕುರ್ಚಿಯಲ್ಲಿದ್ದೇನೆ.

ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಬಾಗಿಲು ತಟ್ಟುವ ಮೊದಲು ಬೀದಿಯ ತುದಿಯವರೆಗೆ ಎರಡು ಸಲ ನಡೆದೆ. ಮುಂಗೋಣೆಯ ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿತ್ತು, ತಾಯಿಯ ಕೈ ನಡುಗುತ್ತದಂತೆ. ಕತ್ತರಿಸುವ ಮೇಜಿನ ಮೇಲೆ ಅವಳ ಕಂಪ್ಯೂಟರು. ದೂರದ ಯಾವುದೋ ಪೀಠೋಪಕರಣದ ಅಂಗಡಿಗೆ ಸೈಟು ಮಾಡುತ್ತಿದ್ದಳು. ಕುರ್ಚಿಗಳ ಚಿತ್ರಗಳ ಮೇಲೆಲ್ಲ ಪೆನ್ಸಿಲ್ ಗುರುತು. ಚಹಾ ಮಾಡಿ ಕೊಟ್ಟಳು. ಕ್ಷಮೆ ಕೇಳಬೇಕೆಂದು ಹೋದವನು ಚಹಾ ಚೆನ್ನಾಗಿದೆ ಎಂದೆ. ಅವಳೇ ಮಾತು ತೆಗೆದಳು.

"ಮೊನ್ನೆ ಒಬ್ಬ ಬಂದಿದ್ದ. ಬೂದು ಅಂಗಿ. ಬಹಳ ಮರ್ಯಾದಸ್ಥ. ಹೇಳಿಕೆಯನ್ನ ಸ್ವಲ್ಪ ತಿದ್ದಿಕೊಂಡ್ರೆ ಎಲ್ಲರಿಗೂ ಒಳ್ಳೇದು ಅಂದ. ಮಗಳು ಸಂಜೆ ಯಾವ ಗೇಟಿಂದ ಹೊರಗೆ ಬರ್ತಾಳೆ ಅಂತಾನೂ ಹೇಳಿದ."

"ನೀನೇನಂದೆ ಅಕ್ಕ?"

"ನೀರು ಬೇಕಾ ಅಂತ ಕೇಳಿದೆ. ನಲ್ಲಿಯಿಂದಲೇ ಒಂದು ಲೋಟ ಹಿಡಿದು ತಂದಿಟ್ಟೆ. ಬೇಡ, ಈಗಷ್ಟೇ ಕುಡಿದು ಬಂದೆ ಅಂದ."

ಅವಳು ನಗಲಿಲ್ಲ. ನಾನೂ ನಗಲಿಲ್ಲ.

"ತಿದ್ದಲ್ಲ ಅಂತ ಹೇಳಿ ಕಳಿಸಿದೀನಿ," ಎಂದಳು. "ಮಗಳನ್ನ ಅವರಪ್ಪನ ಅಕ್ಕನ ಊರಿಗೆ ಸೇರಿಸಿದೆ, ಅಲ್ಲೇ ಶಾಲೆ. ಮುಂದಿನ ವಿಚಾರಣೆಗೆ ನಿನ್ನನ್ನೂ ಕರೀತಾರೆ ನೋಡು."

"ಹೂಂ."

"ಹೇಳು ಅಂತ ನಾನು ಹೇಳಲ್ಲಪ್ಪ. ಬಸುರಿ ಹೆಂಡತಿ ಇದಾಳೆ ನಿನಗೆ. ಆದ್ರೆ ಕೇಳಿಸ್ಲಿಲ್ಲ ಅಂತ ಮಾತ್ರ ಇನ್ನೊಂದು ಸಲ ನನ್ನೆದುರು ಹೇಳ್ಬೇಡ."

ನನಗೆ ಬರಬೇಕಾದ ಪತ್ರ ಹೋದ ವಾರ ಬಂತು. ವಿಚಾರಣೆ ಬರುವ ತಿಂಗಳ ಹದಿನಾಲ್ಕಕ್ಕೆ. ನಿನ್ನೆ ಮಧ್ಯಾಹ್ನ ಊಟಕ್ಕೆ ಇಳಿದಾಗ ಎದುರು ಕಟ್ಟಡದ ಏಣಿಮೆಟ್ಟಿಲ ಮೇಲೆ ಬೂದು ಅಂಗಿಯವನೊಬ್ಬ ಕೂತಿದ್ದ. ಎದ್ದು ನಿಂತು ನಮಸ್ಕಾರ ಮಾಡಿದ. ಮನೆಯಾಕೆಗೆ ಎಷ್ಟನೇ ತಿಂಗಳು ಎಂದು ವಿಚಾರಿಸಿದ. ಯಾವ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದೇವೆ ಎಂದು ಅವನೇ ಹೇಳಿದ.

ಅದಕ್ಕೇ ಹದಿನಾಲ್ಕನೇ ತಾರೀಕಿನವರೆಗೆ ಕಾಯದೆ, ನಾನು ಕಂಡದ್ದು ಕೇಳಿದ್ದು ಎಲ್ಲವನ್ನೂ ಗಂಟೆ ನಿಮಿಷದ ಸಮೇತ ಇಲ್ಲಿ ಬರೆದಿದ್ದೇನೆ. ಫೋನಿನಲ್ಲಿ ಅವರು ಆಡಿದ ಮಾತನ್ನೂ ಬರೆದಿದ್ದೇನೆ. ಒಂದು ಪ್ರತಿ ಲ್ಯಾಬಮ್ಮನಿಗೆ ಕೊಟ್ಟಾಗಿದೆ. ಇನ್ನೊಂದನ್ನು ಇವತ್ತು ಸಂಜೆ ಅಕ್ಕನ ಮನೆಗೆ ನಾನೇ ತೆಗೆದುಕೊಂಡು ಹೋಗುತ್ತೇನೆ.